ಹಳೆಯದಕ್ಕೆ ಬಿದ್ದ ಒಂದು ಓಟು

ಹದಿನೈದು ಜನ ಚಪ್ಪಾಳೆ ತಟ್ಟಲು ಹೊರಟುಹೋದದ್ದೇ ಹನುಮೇಶನ ಆ ದಿನದ ಪಾಡಿಗೆಲ್ಲ ಮೂಲವಾಯಿತು.

ಹನುಮೇಶ ವೈಟ್‌ಫೀಲ್ಡಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಇಂಜಿನಿಯರ್. ವಿಡಿಯೋಗಳನ್ನು ಒತ್ತಿ, ಮಡಚಿ, ಚಿಕ್ಕದು ಮಾಡಿ ಇಂಟರ್‌ನೆಟ್ಟಿನಲ್ಲಿ ಸಾಗಿಸುವ ಸಾಫ್ಟ್‌ವೇರ್ ತಯಾರಿಸುವುದು ಆ ಕಂಪನಿಯ ಕಸುಬು. ಆ ದಿನ ಮಧ್ಯಾಹ್ನ ಅಲ್ಲಿ ಒಂದು ಪರೀಕ್ಷೆ ಇತ್ತು. ಹಳೆಯ ವಿಧಾನದಲ್ಲಿ ಮಡಚಿದ ವಿಡಿಯೋ ಒಂದು, ಹೊಸ ವಿಧಾನದಲ್ಲಿ ಮಡಚಿದ್ದು ಒಂದು. ಎರಡನ್ನೂ ಜನರಿಗೆ ತೋರಿಸಿ ಯಾವುದು ಚೆನ್ನಾಗಿದೆ ಎಂದು ಕೇಳುವುದು. ನೋಡುವವರು ಈ ವಿದ್ಯೆಯ ಗಂಧಗಾಳಿ ಇಲ್ಲದ ಸಾಮಾನ್ಯ ಜನರಾಗಿರಬೇಕು ಎಂಬುದು ನಿಯಮ. ಅಂಥವರನ್ನು ಒದಗಿಸುವ ಏಜೆನ್ಸಿಯೊಂದಕ್ಕೆ ವಹಿಸಿದ್ದರು. ಅದೇ ಏಜೆನ್ಸಿ ಟಿವಿ ಕಾರ್ಯಕ್ರಮಗಳಿಗೆ ಪ್ರೇಕ್ಷಕರನ್ನೂ ಒದಗಿಸುತ್ತಿತ್ತು. ಬೆಳಿಗ್ಗೆ ಯಾವುದೋ ಹಾಡಿನ ಸ್ಪರ್ಧೆಗೆ ಚಪ್ಪಾಳೆಯವರು ಸಾಲದಾದರಂತೆ. ಹನುಮೇಶನ ಪಾಲಿನವರೆಲ್ಲ ಆ ಬಸ್ ಹತ್ತಿದರು.

“ಸಾರ್, ಅಲ್ಲಿ ಊಟದ ಜೊತೆಗೆ ಟಿವೀಲಿ ಮುಖಾನೂ ಬರುತ್ತೆ. ನಿಮ್ಮಲ್ಲಿ ಬರೀ ಊಟ. ನಾನೇನ್ ಮಾಡ್ಲಿ, ನೀವೇ ಹೇಳಿ” ಎಂದ ಏಜೆನ್ಸಿಯವನು ಫೋನಿಟ್ಟುಬಿಟ್ಟ.

ಬಾಯಲ್ಲಿ ಪೇಸ್ಟಿನ ನೊರೆ ಇಟ್ಟುಕೊಂಡೇ ಹನುಮೇಶ ತನ್ನ ಮ್ಯಾನೇಜರ್ ಸಿದ್ದಾರ್ಥನಿಗೆ ಫೋನ್ ಮಾಡಿದ. ಪರೀಕ್ಷೆ ಮುಂದಕ್ಕೆ ಹಾಕೋಣವೇ ಎಂದು ಕೇಳಬೇಕೆನ್ನುವಷ್ಟರಲ್ಲಿ ಸಿದ್ದಾರ್ಥನೇ ಶುರು ಮಾಡಿದ: “ಹನುಮೇಶ್, ನಮ್ಮ ಕ್ಲೈಂಟ್ ಮಹಾನಂದಾ ಮೇಡಂ ಆಲ್‌ರೆಡಿ ಮುಂಬೈಯಿಂದ ಫ್ಲೈಟ್ ಹತ್ತಿದಾರೆ. ಅವ್ರು ಈ ಟೆಸ್ಟ್ ಕಣ್ಣಾರೆ ನೋಡಿ, ಆಮೇಲೆ ಸೈನ್ ಮಾಡೋದು. ನನಗೆ ಮಧ್ಯಾಹ್ನ ಎರಡು ಗಂಟೆಗೆ ಹದಿನೈದು ಮನುಷ್ಯರು ಬೇಕು. ಕಣ್ಣು ಕಂಡ್ರೆ ಸಾಕು. ಟೆಂಪೋ ಟ್ರಾವೆಲರ್ ಕಳಿಸ್ತೀನಿ, ತುಂಬಿಸ್ಕೊಂಡು ಬನ್ನಿ.”

ಹನುಮೇಶನಿಗೆ ಆ ಪರೀಕ್ಷೆ ನಡೆಯುವುದೇ ಬೇಡವಾಗಿತ್ತು. ಏಕೆಂದರೆ ಹಳೆಯದು ಅವನದೇ. ಎಚ್.264 ಎಂಬ ಆ ವಿಧಾನದ ಮೇಲೆ ಅವನು ಆರು ವರ್ಷ ತಲೆಕೂದಲು ಉದುರಿಸಿದ್ದ. ಹಿಂದಿನ ವರ್ಷ ಎಚ್.265 ಎಂಬ ಹೊಸದು ಬಂತು. ಬಂದದ್ದೇ ತಡ, ಹಳೆಯ ತಂಡದವರೆಲ್ಲ ಒಬ್ಬೊಬ್ಬರಾಗಿ ಕುರ್ಚಿ ಎಳೆದುಕೊಂಡು ಹೊಸದರ ಕಡೆ ಹೋದರು. ಈಗ ಹಳೆಯ ತಂಡ ಎಂದರೆ ಹನುಮೇಶ ಮತ್ತು ಅವನ ಪಕ್ಕದ ಖಾಲಿ ಜಾಗ. ಹೊಸದರ ವಾದವೇನೆಂದರೆ, ಹಳೆಯದು ತೋರಿಸುವ ಚಿತ್ರವನ್ನೇ ಅದು ಅರ್ಧ ಡೇಟಾದಲ್ಲಿ ತೋರಿಸುತ್ತದೆ. ಹಾಗಾಗಿ ಪರೀಕ್ಷೆಯಲ್ಲಿ ಜನ ‘ಎರಡೂ ಒಂದೇ ಥರ ಇದೆ’ ಎಂದರೂ ಗೆದ್ದದ್ದು ಹೊಸದೇ. ಹನುಮೇಶ ಉಳಿಯಬೇಕಾದರೆ ಹಳೆಯದು ಎದ್ದು ಕಾಣುವ ಹಾಗೆ ಗೆಲ್ಲಬೇಕು. “ಹೊಸದು ಪಾಸಾದ್ರೆ ಹಳೇ ಟೀಮ್ ಕ್ಲೋಸ್” ಎಂದು ಸಿದ್ದಾರ್ಥ ಮೊದಲೇ ಹೇಳಿದ್ದ. ಹೇಳುವಾಗ ಹನುಮೇಶನ ಬೆನ್ನ ಮೇಲೆ ಪ್ರೀತಿಯಿಂದ ಕೈಯನ್ನೂ ಇಟ್ಟಿದ್ದ.

“ಜನ ಎಲ್ಲಿಂದ ತರ್ಲಿ?” ಎಂದು ಹನುಮೇಶ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಕೇಳಿದ.

ಮಹಾದೇವಿ ಕಾವಲಿಯ ಮೇಲಿನ ದೋಸೆಯಿಂದ ಕಣ್ಣು ತೆಗೆಯಲಿಲ್ಲ. “ದೊಡ್ಡನೆಕ್ಕುಂದೀಲಿ ಜನಕ್ಕೇನ್ರೀ ಬರ? ಮೊದಲು ಬಾಯಿ ತೊಳ್ಕೊಳ್ಳಿ. ಆಮೇಲೆ ಕೆಳಗಿಳಿದು ಸುಬ್ಬಲಕ್ಷ್ಮಮ್ಮನಿಗೆ ಒಂದು ಮಾತು ಹೇಳಿ.”

ಸುಬ್ಬಲಕ್ಷ್ಮಮ್ಮ ಆ ಮೂರಂತಸ್ತಿನ ಕಟ್ಟಡದ ಯಜಮಾನಿ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಬಾಡಿಗೆದಾರರನ್ನು ಬೆಳೆಯಲು ಶುರು ಮಾಡಿ ಬಹಳ ವರ್ಷವಾಗಿತ್ತು. ಬೀದಿಯಲ್ಲಿ ಯಾರ ಮನೆಯಲ್ಲಿ ಕುಕ್ಕರ್ ಎಷ್ಟು ಸಲ ಕೂಗಿತು ಎಂಬುದೂ ಅವರಿಗೆ ಗೊತ್ತಿರುತ್ತಿತ್ತು. ಹನುಮೇಶ ಅಂಗಳಕ್ಕಿಳಿದಾಗ ಅವರು ನೀರಿನ ಸಂಪಿನ ಮುಚ್ಚಳ ತೆಗೆದು ಒಳಗೆ ಇಣುಕುತ್ತಿದ್ದರು.

“ಟಿವಿ ನೋಡಕ್ಕೆ ಕರ್ಕೊಂಡೋಗ್ತಾರಾ? ಅದೂ ಆಫೀಸ್‌ಗೆ?” ವಿಷಯ ಕೇಳಿದ ಸುಬ್ಬಲಕ್ಷ್ಮಮ್ಮ ಸಂಪನ್ನು ಮರೆತರು. “ಏನ್ ಕೊಡ್ತಾರಪ್ಪ?”

“ಊಟ ಇದೆ ಅಮ್ಮಾ. ಆಮೇಲೆ ಒಬ್ಬೊಬ್ರಿಗೂ ಒಂದು ಗೋಡೆ ಗಡಿಯಾರ.”

“ಸೆಲ್ ಅವ್ರೇ ಹಾಕಿರ್ತಾರಾ, ಇಲ್ಲಾ ನಾವ್ ಆಕ್ಕೋಬೇಕಾ?”

“ಹಾಕಿರ್ತಾರೆ.”

“ಅಂಗಾದ್ರೆ ನೀನು ಸ್ನಾನ ಮಾಡೋಗು. ಜನ ನನಗೆ ಬಿಡು.”

ಹನುಮೇಶ ಸ್ನಾನ ಮುಗಿಸಿ ಬರುವಷ್ಟರಲ್ಲಿ ಅಂಗಳ ಮದುವೆಮನೆಯ ದಿಬ್ಬಣದಂತೆ ತುಂಬಿತ್ತು. ಮೇಲಿನ ಮಹಡಿಯ ಕರಿಬಸಪ್ಪನವರು ಇಸ್ತ್ರಿ ಶರಟು ಹಾಕಿ ನಿಂತಿದ್ದರು. ಅವರು ಪೀಣ್ಯದ ಕಾರ್ಖಾನೆಯೊಂದರಲ್ಲಿ ಬೋಲ್ಟು ನಟ್ಟುಗಳನ್ನು ತಪಾಸಣೆ ಮಾಡಿ ನಿವೃತ್ತರಾದವರು. ಈಗ ಬೀದಿಯ ತರಕಾರಿ ಗಾಡಿಗಳನ್ನು ತಪಾಸಣೆ ಮಾಡುತ್ತಿದ್ದರು. ಎದುರಿಗೆ ಕಟ್ಟುತ್ತಿದ್ದ ಕಟ್ಟಡಕ್ಕೆ ಮರಳಿನ ಲಾರಿ ಬಂದಿರಲಿಲ್ಲ. ಹಾಗಾಗಿ ಕೊಪ್ಪಳ ಕಡೆಯ ಯಮನೂರ ತನ್ನ ಗಾರೆ ಕೆಲಸದ ಗೆಳೆಯರೊಂದಿಗೆ ತಲೆ ಬಾಚಿಕೊಂಡು ಬಂದಿದ್ದ. ಉಳಿದವರು ಬೀದಿಯ ಹೆಂಗಸರು. ಅವರಲ್ಲೊಬ್ಬರು, ಆಫೀಸಿನ ಊಟ ಸಪ್ಪೆ ಇರುತ್ತದೆಂದು ಉಪ್ಪಿನಕಾಯಿ ಡಬ್ಬಿ ಹಿಡಿದಿದ್ದರು.

ಟೆಂಪೋ ಟ್ರಾವೆಲರ್ ಮಾರತ್ತಹಳ್ಳಿ ಸೇತುವೆಯ ಹತ್ತಿರ ನಿಂತೇಬಿಟ್ಟಿತು. ಮುಂದೆ ಬಸ್ಸು, ಪಕ್ಕದಲ್ಲಿ ನೀರಿನ ಟ್ಯಾಂಕರ್, ಹಿಂದೆ ಹಾರನ್. ಸಮಯ ಕಳೆಯಲು ಸುಬ್ಬಲಕ್ಷ್ಮಮ್ಮ ಕೇಳಿದರು, “ಅಲ್ಲಪ್ಪ, ನೀನು ಅಲ್ಲಿ ಮಾಡೋ ಕೆಲಸ ಏನು ಅಂತ?”

ಹನುಮೇಶ ಯೋಚಿಸಿ ಹೇಳಿದ: “ಮನೆ ಖಾಲಿ ಮಾಡುವಾಗ ಸಾಮಾನೆಲ್ಲ ಟೆಂಪೋಗೆ ತುಂಬಿಸ್ತೀವಲ್ಲ ಅಮ್ಮಾ, ಹಾಗೆ. ಹಳೇ ಪದ್ಧತೀಲಿ ತುಂಬಿಸಿದ್ರೆ ಎರಡು ಟೆಂಪೋ ಬೇಕು. ಹೊಸ ಪದ್ಧತೀಲಿ ಒಂದೇ ಸಾಕು ಅಂತಾರೆ. ಆದ್ರೆ ಇಳಿಸಿದಾಗ ಏನೂ ಒಡೆದಿರಬಾರದು. ಒಡೆದಿದೆಯಾ ಇಲ್ವಾ ಅಂತ ನೋಡೋಕೆ ನೀವು ಬರ್ತಿರೋದು.”

“ಓ! ಪ್ಯಾಕರ್ಸ್ ಅಂಡ್ ಮೂವರ್ಸ್!” ಎಂದರು ಕರಿಬಸಪ್ಪನವರು ಹಿಂದಿನ ಸೀಟಿನಿಂದ. “ಇಷ್ಟು ದಿನ ಸಾಫ್ಟ್‌ವೇರ್ ಅಂತಿದ್ರಲ್ಲ ಮತ್ತೆ?”

ಹನುಮೇಶ ತಿದ್ದಲು ಹೋಗಲಿಲ್ಲ. ಆದರೆ ಸುಬ್ಬಲಕ್ಷ್ಮಮ್ಮ ಬಿಡುವವರಲ್ಲ. “ನಿಂದು ಎರಡು ಟೆಂಪೋದೋ, ಒಂದು ಟೆಂಪೋದೋ?”

“ಎರಡರದು. ಹಳೇದು.”

“ಹಳೇದು ಸೋತ್ರೆ?”

ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಮನುಷ್ಯ ಸುಳ್ಳು ಹೇಳಲೂ ಬೇಸರಪಡುತ್ತಾನೆ. “ಸೋತ್ರೆ ನನ್ನ ಟೀಮ್ ಮುಚ್ತಾರೆ” ಎಂದ ಹನುಮೇಶ. ಉಪ್ಪಿನಕಾಯಿಯ ಅಕ್ಕ “ಅಯ್ಯೋ ಪಾಪ” ಎಂದರು. ಅವನು ಗಾಬರಿಯಾಗಿ ಸೇರಿಸಿದ: “ಆದ್ರೆ ನೀವು ಅದನ್ನೆಲ್ಲ ತಲೇಗ್ ಹಚ್ಕೋಬೇಡಿ. ಯಾವುದು ಹಳೇದು, ಯಾವುದು ಹೊಸದು ಅಂತ ಯಾರಿಗೂ ಹೇಳಲ್ಲ. ಕಂಪ್ಯೂಟರ್ ಹಿಂದೆಮುಂದೆ ಮಾಡಿ ತೋರಿಸುತ್ತೆ. ನಿಮ್ಮ ಕಣ್ಣಿಗೆ ಯಾವುದು ಚೆನ್ನಾಗಿ ಕಾಣುತ್ತೋ ಅದಕ್ಕೇ ಒತ್ತಬೇಕು. ದಯವಿಟ್ಟು.”

“ಅಂಗೇ ಆಗ್ಲಿ ಬಿಡಪ್ಪ” ಎಂದರು ಸುಬ್ಬಲಕ್ಷ್ಮಮ್ಮ. ಅಷ್ಟು ಬೇಗ ಅವರು ಯಾವುದಕ್ಕೂ ಒಪ್ಪಿದ್ದನ್ನು ಹನುಮೇಶ ಅದುವರೆಗೆ ಕಂಡಿರಲಿಲ್ಲ.

ಆಫೀಸಿನಲ್ಲಿ ಊಟವಾಯಿತು. ಉಪ್ಪಿನಕಾಯಿ ಡಬ್ಬಿ ಎಷ್ಟು ಮೇಜು ಸುತ್ತಿತೆಂದರೆ, ವಾಪಸ್ ಬಂದಾಗ ಎಣ್ಣೆ ಮಾತ್ರ ಉಳಿದಿತ್ತು. ನಂತರ ಕಣ್ಣಿನ ಪರೀಕ್ಷೆ. ಗೋಡೆಗೆ ಅಕ್ಷರಗಳ ಹಾಳೆ ತೂಗುಹಾಕಿದ್ದರು. ಒಬ್ಬೊಬ್ಬರೇ ದೂರ ನಿಂತು ಓದಬೇಕು. ಕರಿಬಸಪ್ಪನವರ ಸರದಿ ಬಂದಾಗ ಅವರು ಎದೆಯುಬ್ಬಿಸಿ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಗಡಗಡನೆ ಒಪ್ಪಿಸಿದರು. ಒಂದೂ ತಪ್ಪಿಲ್ಲ. ಅಡಚಣೆಯೆಂದರೆ, ಅಷ್ಟರಲ್ಲಿ ಹನುಮೇಶ, ಅವರಿಗಿಂತ ಮೊದಲಿನವರೆಲ್ಲ ಗಟ್ಟಿಯಾಗಿ ಓದಿದ್ದ ಆ ಹಾಳೆ ತೆಗೆದು ಬೇರೊಂದನ್ನು ಹಾಕಿದ್ದ.

“ಸಾರ್, ನಿಮ್ಮ ಕನ್ನಡಕ?”

“ಮನೇಲಿದೆ. ಫೋಟೋ ಗೀಟೋ ತೆಗೆದ್ರೆ ಚೆನ್ನಾಗಿರಲ್ಲ ಅಂತ ಬಿಟ್ಟು ಬಂದೆ. ಅಲ್ಲಾ, ಮೂವತ್ತು ವರ್ಷ ಇನ್‌ಸ್ಪೆಕ್ಷನ್ ಮಾಡಿದೋನು ನಾನು. ಬೋಲ್ಟನ್ನ ಮುಟ್ಟಿ ನೋಡಿ ಹೇಳ್ತಿದ್ದೆ.”

ವಿಡಿಯೋವನ್ನು ಮುಟ್ಟಿ ನೋಡಲಾಗುವುದಿಲ್ಲ ಎಂದು ಹನುಮೇಶ ಕೈಮುಗಿದು ಹೇಳಿ ಅವರನ್ನು ಹೊರಗಿನ ಸೋಫಾದಲ್ಲಿ ಕೂರಿಸಿದ. ಅವರು ಮುನಿಸಿಕೊಂಡು, ಸೋಫಾದ ಹೊಲಿಗೆಯನ್ನು ಮುಟ್ಟಿ ನೋಡತೊಡಗಿದರು. ಇತ್ತ ಒಂದು ಕುರ್ಚಿ ಖಾಲಿಯಾಯಿತು. ಒಳಗೆ ಮಹಾನಂದಾ ಮೇಡಂ ಆಗಲೇ ಬಂದು ಕೂತಿದ್ದರು. ಸಿದ್ದಾರ್ಥ ಹಲ್ಲು ಕಚ್ಚಿ ಪಿಸುಗುಟ್ಟಿದ: “ಇನ್ನೊಬ್ರು ಎಲ್ಲಿ?”

ಆ ಗಳಿಗೆಗೆ ಸರಿಯಾಗಿ ರಿಸೆಪ್ಷನ್ನಿನ ಗಾಜಿನ ಬಾಗಿಲು ತಳ್ಳಿಕೊಂಡು ಮಹಾದೇವಿ ಬಂದಳು. ಹನುಮೇಶ ಅವಸರದಲ್ಲಿ ಫೋನನ್ನು ಮನೆಯಲ್ಲೇ ಮರೆತಿದ್ದ. ಅದು ಬಡಿದುಕೊಳ್ಳುವುದನ್ನು ಕೇಳಲಾರದೆ ಅವಳು ಆಟೋ ಹಿಡಿದಿದ್ದಳು.

“ಯಾರಿವರು?” ಎಂದ ಸಿದ್ದಾರ್ಥ.

“ನನ್ನ ಹೆಂಡತಿ. ಆದ್ರೆ ಮನೆಯವರನ್ನ ಕೂರಿಸೋ ಹಾಗಿಲ್ಲ, ರೂಲ್ ಪ್ರಕಾರ...”

“ಮೇಡಂ, ನಿಮ್ಮೆಜಮಾನ್ರು ಆಫೀಸಲ್ಲಿ ಏನ್ ಮಾಡ್ತಾರೆ ಅಂತ ಗೊತ್ತಾ ನಿಮಗೆ?” ಎಂದು ಸಿದ್ದಾರ್ಥ ಅವಳನ್ನೇ ಕೇಳಿದ.

“ಇಲ್ಲ. ಹೇಳಿದಾರೆ, ಆದ್ರೆ ಗೊತ್ತಾಗಿಲ್ಲ.”

“ಪರ್ಫೆಕ್ಟ್. ಕೂರಿಸಿ.”

ಕೋಣೆ ಕತ್ತಲಾಯಿತು. ಗೋಡೆಯ ಮೇಲೆ ದೊಡ್ಡ ಟಿವಿ. ಪ್ರತಿ ಕುರ್ಚಿಗೂ ಒಂದು ಪುಟ್ಟ ಡಬ್ಬಿ, ಅದರಲ್ಲಿ ಕೆಂಪು ಗುಂಡಿ, ಹಸಿರು ಗುಂಡಿ. ಮೊದಲು ತೋರಿಸಿದ್ದು ಚೆನ್ನಾಗಿದ್ದರೆ ಕೆಂಪು, ಎರಡನೆಯದು ಚೆನ್ನಾಗಿದ್ದರೆ ಹಸಿರು. ಹನುಮೇಶ ಟಿವಿಯ ಪಕ್ಕ ನಿಂತು “ಇದು ಮೊದಲನೇದು”, “ಇದು ಎರಡನೇದು” ಎಂದು ಸಾರಬೇಕು. ಹಿಂದೆ, ಗಾಜಿನಾಚೆ, ಸಿದ್ದಾರ್ಥ ಮತ್ತು ಮಹಾನಂದಾ ಮೇಡಂ ಕಂಪ್ಯೂಟರಿನಲ್ಲಿ ಓಟು ನೋಡುತ್ತಿದ್ದರು.

ಅಭ್ಯಾಸಕ್ಕೆಂದು ಒಂದು ಕೆರೆಯ ದೃಶ್ಯ ಹಾಕಿದರು. ಗಾಳಿಗೆ ಅಲುಗುವ ನೀರು, ನಾಲ್ಕು ಬಾತುಕೋಳಿ. ನೀರಿನ ಅಲೆಯನ್ನು ಮಡಚುವುದೇ ಈ ವಿದ್ಯೆಯಲ್ಲಿ ಎಲ್ಲಕ್ಕಿಂತ ಕಷ್ಟ.

“ಇದ್ಯಾವ ಕೆರೆ? ನೊರೆನೇ ಇಲ್ಲ. ನಮ್ಮ ಕಡೇದಲ್ಲ ಬಿಡು” ಎಂದರು ಸುಬ್ಬಲಕ್ಷ್ಮಮ್ಮ.

“ಹಕ್ಕಿ ಚಲೋ ಅದಾವ್ರಿ” ಎಂದ ಯಮನೂರ.

“ಕೆರೆ, ಹಕ್ಕಿ ಬಿಟ್ಬಿಡಿ. ಚಿತ್ರ ನೋಡಿ. ಚಿತ್ರ ಯಾವುದು ಸ್ಪಷ್ಟ ಇದೆ?” ಹನುಮೇಶ ಬೇಡಿಕೊಂಡ.

“ಎರಡ್ರಾಗೂ ಅವೇ ಹಕ್ಕಿ ಅಲ್ರೀ ಸರ?”

ಓಟು ಒತ್ತಿ ಎಂದಾಗ ಕೆಲವರು ಎರಡೂ ಗುಂಡಿ ಒತ್ತಿದರು. ಒಂದನ್ನೇ ಒತ್ತಿದರೆ ಇನ್ನೊಂದಕ್ಕೆ ಬೇಜಾರಾಗುತ್ತದೆಂದು ಸುಬ್ಬಲಕ್ಷ್ಮಮ್ಮನ ವಾದ. ಯಮನೂರನ ಗೆಳೆಯನೊಬ್ಬ, ಗುಂಡಿಯನ್ನು ಕಾಲಿಂಗ್ ಬೆಲ್ಲೆಂದು ತಿಳಿದು, ಯಾರಾದರೂ ಬರುತ್ತಾರೋ ಎಂದು ಬಾಗಿಲ ಕಡೆ ನೋಡುತ್ತಿದ್ದ. ಗಾಜಿನಾಚೆಯಿಂದ ಸಿದ್ದಾರ್ಥನ ಕೈ ಮಾತ್ರ ಕಂಡಿತು. ಅದು ಅವನ ಹಣೆಯ ಮೇಲಿತ್ತು. ಚಹಾ ವಿರಾಮ ಎಂದು ಸಾರಲಾಯಿತು.

ವಿರಾಮದಲ್ಲಿ ಹನುಮೇಶ ಮತ್ತೊಮ್ಮೆ ತಂತಿಗಳನ್ನೆಲ್ಲ ನೋಡಿ ಬಂದ. ಕಾಫಿ ಮಷೀನಿನ ಸುತ್ತ ಅವನ ಬೀದಿಯವರೆಲ್ಲ ತಲೆಗೆ ತಲೆ ತಾಗಿಸಿ ನಿಂತಿದ್ದರು. ನಡುವೆ ಸುಬ್ಬಲಕ್ಷ್ಮಮ್ಮ ಏನೋ ಹೇಳುತ್ತಿದ್ದರು. ಮಷೀನಿನ ಬಗ್ಗೆ ಇರಬೇಕೆಂದು ಹನುಮೇಶ ಅಂದುಕೊಂಡ. ಮಹಾದೇವಿ ಮಾತ್ರ ಸ್ವಲ್ಪ ದೂರ, ಕಿಟಕಿಯ ಹತ್ತಿರ ಚಹಾ ಕುಡಿಯುತ್ತಿದ್ದಳು.

ನಿಜವಾದ ಪರೀಕ್ಷೆ ಶುರುವಾಯಿತು. ಈಗ ಯಾರೂ ಮಾತಾಡಲಿಲ್ಲ. ಯಾರೂ ಎರಡು ಗುಂಡಿ ಒತ್ತಲಿಲ್ಲ. ಶಾಲೆಗೆ ಇನ್‌ಸ್ಪೆಕ್ಟರ್ ಬಂದಾಗಿನಂತೆ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಹನುಮೇಶನಿಗೆ ಸಂತೋಷವಾಯಿತು.

ಮೊದಲ ಜೋಡಿ ತರಕಾರಿ ಮಾರ್ಕೆಟ್ಟಿನದು. ಯಾವುದು ಮೊದಲು ಬರುತ್ತದೆಂದು ಹನುಮೇಶನಿಗೂ ಗೊತ್ತಿರಲಿಲ್ಲ. ಆದರೆ ಪರದೆಯ ಮೇಲೆ ಬಂದ ಕೂಡಲೇ ಗುರುತು ಹತ್ತಿತು. ಇದು ತನ್ನದು. ಕೊತ್ತಂಬರಿ ರಾಶಿಯ ಅಂಚಿನಲ್ಲಿ, ಬೇರೆ ಯಾರ ಕಣ್ಣಿಗೂ ಬೀಳದ, ಚಿತ್ರ ಒಡೆದ ಒಂದು ಪುಟ್ಟ ಚೌಕ ಕ್ಷಣಕಾಲ ಮೂಡಿ ಮಾಯವಾಯಿತು. ಆ ಚೌಕದೊಂದಿಗೆ ಅವನು ಎರಡು ವರ್ಷ ಗುದ್ದಾಡಿದ್ದ. ಇನ್ನೊಂದು ಚೌಕ ಎಲ್ಲಿ ಬೀಳುವುದೋ ಎಂದು ಉಸಿರು ಹಿಡಿದು ನಿಂತ.

ನಂತರ ಎರಡನೆಯದು ಬಂತು. ಹೊಸದು. ಹಳೆಯದರ ಅರ್ಧ ಡೇಟಾದಲ್ಲಿ ಅಷ್ಟೂ ಕೊತ್ತಂಬರಿ, ಅಷ್ಟೂ ಜನ, ತಕ್ಕಡಿಯ ಮುಳ್ಳು, ಹೆಂಗಸೊಬ್ಬಳ ಸೆರಗಿನ ಚುಕ್ಕಿ ಎಲ್ಲ ಇತ್ತು. ಒಂದೂ ಚೌಕ ಇರಲಿಲ್ಲ. ಇಷ್ಟನ್ನು ಇಷ್ಟರೊಳಗೆ ಇವರು ಹೇಗೆ ಇಟ್ಟರು? ಹನುಮೇಶ ಕೆಲಸ ಮರೆತ, ತಂಡ ಮರೆತ, ಸಿದ್ದಾರ್ಥನನ್ನು ಮರೆತ. ಒಳ್ಳೆಯ ಸಂಗೀತ ಕೇಳಿದವನಂತೆ ತಲೆಯಾಡಿಸಿದ.

“ಒತ್ತಿ” ಎಂದ. ಕೋಣೆಯಲ್ಲಿ ಟಕ್ ಎಂದು ಒಟ್ಟಿಗೆ ಸದ್ದಾಯಿತು.

ಹೂವು ತೂರುವ ದೃಶ್ಯ, ಜನಜಂಗುಳಿಯ ದೃಶ್ಯ, ಮಳೆ ಬೀಳುವ ದೃಶ್ಯ, ಜೋಡಿಯ ಮೇಲೆ ಜೋಡಿ ಹೀಗೇ ನಡೆಯಿತು. ಕೊನೆಗೆ ದೀಪ ಹೊತ್ತಿದಾಗ ಸಿದ್ದಾರ್ಥ ಗಾಜಿನಾಚೆ ಲಾಟರಿ ಹೊಡೆದವನಂತೆ ಎರಡೂ ಹೆಬ್ಬೆರಳು ಎತ್ತಿ ನಿಂತಿದ್ದ. ಹನುಮೇಶ ಹೋಗಿ ಪರದೆ ನೋಡಿದ. ಒಂದೊಂದು ಜೋಡಿಯಲ್ಲೂ ಹೊಸದಕ್ಕೆ ಹದಿನಾಲ್ಕು ಓಟು, ಹಳೆಯದಕ್ಕೆ ಒಂದು.

ಆರು ವರ್ಷ ಸಾಕಿದ್ದಕ್ಕೆ ಒಂದೇ ಓಟು! ಸಮಬಲದಲ್ಲಿ ನಿಂತು ಸೋತಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು. ಇಷ್ಟು ಹೀನಾಯ ಸೋಲನ್ನು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಮಹಾನಂದಾ ಮೇಡಂ ಮಾತ್ರ ಹುಬ್ಬು ಗಂಟಿಕ್ಕಿದ್ದರು. ಮುಂಬೈಯಲ್ಲಿದ್ದರೂ ಅವರು ಮೂಲತಃ ಧಾರವಾಡದವರು. ಇಂಟರ್‌ನೆಟ್ಟಿನಲ್ಲಿ ಟಿವಿ ತೋರಿಸುವ ಕಂಪನಿಯೊಂದರ ಮುಖ್ಯ ತಂತ್ರಜ್ಞೆ. “ಅರ್ಧ ಡೇಟಾದಾಗ ಹಳೇದಕ್ಕಿಂತ ಇಷ್ಟು ಚಲೋ ಕಾಣಸ್ತಂತ? ಎಲ್ಲಾದ್ರಾಗೂ ಅದಽ ಹದಿನಾಲ್ಕು ಮಂದಿ? ಇಂಥಾ ರಿಸಲ್ಟ್ ನಾ ಎಲ್ಲೂ ನೋಡಿಲ್ರಿ” ಎಂದರು.

“ಅವರ್ ಸಾಫ್ಟ್‌ವೇರ್ ಈಸ್ ಲೈಕ್ ದಟ್ ಮೇಡಂ” ಎಂದ ಸಿದ್ದಾರ್ಥ ವಿನಯದಿಂದ.

ಹನುಮೇಶ ಜೋಲುಮೋರೆ ಹಾಕಿಕೊಂಡು ಗಡಿಯಾರ ಹಂಚಲು ಹೊರಗೆ ಬಂದ. ಸುಬ್ಬಲಕ್ಷ್ಮಮ್ಮ ತಮ್ಮ ಗಡಿಯಾರವನ್ನು ಕಿವಿಗೆ ಹಿಡಿದು ಟಿಕ್ ಟಿಕ್ ಕೇಳಿ ಸಮಾಧಾನಪಟ್ಟರು. ಆಮೇಲೆ ಅವನ ತೋಳು ಹಿಡಿದು ಮೂಲೆಗೆ ಎಳೆದರು.

“ಎಂಗೆ? ಉಳೀತಾ ಕೆಲಸ?” ಎಂದು ಕಣ್ಣು ಹೊಡೆದರು.

“ಏನಮ್ಮಾ?”

“ಗೊತ್ತಿಲ್ದೋನ ಥರ ಆಡ್ಬೇಡ. ಎಲ್ಲಾ ಸಲಾನೂ ನಿಂದಕ್ಕೇ ಒತ್ತುದ್ವಿ ಕಣಪ್ಪ! ಒಬ್ರೂ ತಪ್ಪಿಸಿಲ್ಲ, ನಾನ್ ಮೊದಲೇ ಹೇಳ್ಬಿಟ್ಟಿದ್ದೆ ಎಲ್ರಿಗೂ.”

“ನಂದು ಯಾವುದು ಅಂತ ನಿಮಗೆಂಗೆ ಗೊತ್ತಾಯ್ತು?”

“ಅದೇನ್ ಮಹಾ ವಿದ್ಯೆ? ನಿನ್ನ ಮುಖ ನೋಡ್ಕೊಂಡು ಒತ್ತುದ್ವಿ. ಒಂದು ಬಂದಾಗ ಹರಳೆಣ್ಣೆ ಕುಡ್ದೋನಂಗೆ ನಿಂತಿರ್ತಿದ್ದೆ. ಇನ್ನೊಂದು ಬಂತು ಅಂದ್ರೆ ನಿನ್ನ ಮುಖ ಊರಗಲ. ಆವಾಗ ಗೊತ್ತಾಗಲ್ವಾ, ಅದೇ ನಿಂದು ಅಂತ? ಟಿವಿ ಯಾರ್ ನೋಡುದ್ರು?”

“ಸರ, ಆ ಕತ್ತಲದಾಗ ನಿಮ್ಮ ಮಾರಿ ಟಿವಿ ಬೆಳಕಿಗೆ ಭಾಳ ಸ್ಪಷ್ಟ ಕಾಣತಿತ್ರಿ” ಎಂದು ಯಮನೂರ ಸೇರಿಸಿದ. ಮಧ್ಯಾಹ್ನದಿಂದ ಹನುಮೇಶ ಬೇಡಿಕೊಂಡಿದ್ದ ಸ್ಪಷ್ಟತೆಯ ವರದಿ ಕೊನೆಗೂ ಬಂದಿತ್ತು.

ಹನುಮೇಶ ಕೈಯಲ್ಲಿದ್ದ ಗಡಿಯಾರಗಳನ್ನು ಸೋಫಾದ ಮೇಲೆ ಇಟ್ಟು ಅಲ್ಲೇ ಕೂತ. ಅವನ ಕೆಲಸ ಉಳಿಸಲೆಂದು ಬೀದಿಗೆ ಬೀದಿಯೇ ಸೇರಿ ಅವನ ಕೆಲಸ ಕಳೆದಿತ್ತು. ಬೈಯಲು ಬಾಯಿ ಬರಲಿಲ್ಲ. ಹದಿನಾಲ್ಕು ಮುಖಗಳೂ ಹಬ್ಬದ ಮನೆಯಂತೆ ಬೆಳಗುತ್ತಿದ್ದವು.

ಆದರೆ ಮರುಕ್ಷಣವೇ ಅವನಿಗೆ ಇನ್ನೊಂದು ಹೊಳೆಯಿತು. ಇದು ಪರೀಕ್ಷೆಯೇ ಅಲ್ಲ! ಯಾರೂ ಟಿವಿ ನೋಡಿಲ್ಲ. ಇದನ್ನು ಹೇಳಿಬಿಟ್ಟರೆ ಫಲಿತಾಂಶ ರದ್ದು. ಹೇಳುವುದು ಧರ್ಮ, ಹೇಳುವುದರಿಂದ ಲಾಭವೂ ಇದೆ. ಮನುಷ್ಯನ ಬಾಳಿನಲ್ಲಿ ಅವೆರಡೂ ಒಂದೇ ಬಾಗಿಲು ತೋರಿಸುವುದು ಅಪರೂಪ. ಅವನು ಎದ್ದು ಓಡಿದ.

ಗಾಜಿನ ಕೋಣೆಯಲ್ಲಿ ಸಿದ್ದಾರ್ಥ ಮೇಡಂಗೆ ಕಾಫಿ ಸುರಿಯುತ್ತಿದ್ದ. ಹನುಮೇಶ ನಡೆದದ್ದೆಲ್ಲ ಹೇಳಿದ. ಸಿದ್ದಾರ್ಥ ಸುರಿಯುತ್ತಿದ್ದ ಕಾಫಿ ಕಪ್ ತುಂಬಿ ತಟ್ಟೆಗೆ, ತಟ್ಟೆ ತುಂಬಿ ಮೇಜಿಗೆ ಹರಿಯಿತು.

ಮಹಾನಂದಾ ಮೇಡಂ ಕನ್ನಡಕ ತೆಗೆದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. “ಅದಕ್ಕಽ ಮತ್ತ! ನಾನೂ ಅನ್ಕೊಂಡೆ, ಇದು ಮಂದಿ ಹಾಕೋ ಓಟು ಅಲ್ಲಂತ. ಚಲೋ ಆತು, ನೀವಽ ಬಂದು ಹೇಳಿದ್ರಿ. ಈ ಟೆಸ್ಟ್ ಲೆಕ್ಕಕ್ಕಿಲ್ಲ.”

ಹನುಮೇಶನಿಗೆ ಹೋದ ಜೀವ ಬಂದಂತಾಯಿತು.

“ಆದ್ರ ಒಂದು ಹೇಳ್ರಿ” ಎಂದರು ಮೇಡಂ ಕನ್ನಡಕ ಹಾಕಿಕೊಳ್ಳುತ್ತ. “ಹಳೇದು ನಿಮ್ದು. ಆರು ವರ್ಷ ಅದರ ಜೋಡಿ ಸಂಸಾರ ಮಾಡೀರಿ. ಮತ್ತ ಹೊಸದು ಬಂದಾಗೊಮ್ಮೆ ಯಾಕ್ ನಕ್ಕ್ರಿ?”

ಹನುಮೇಶ ಏನಾದರೊಂದು ನೆಪ ಹೇಳಬಹುದಿತ್ತು. ಆದರೆ ಆ ಸೆರಗಿನ ಚುಕ್ಕಿಗಳು ಇನ್ನೂ ಕಣ್ಣಲ್ಲಿದ್ದವು. “ಅಷ್ಟು ಚಿಕ್ಕದ್ರಲ್ಲಿ ಅಷ್ಟೆಲ್ಲ ಇಟ್ಟಿದಾರಲ್ಲ ಮೇಡಂ... ನಗು ತಾನಾಗೇ ಬಂದ್ಬಿಡ್ತು” ಎಂದ.

“ಮುಗೀತು” ಎಂದರು ಮಹಾನಂದಾ ಮೇಡಂ. “ಸಿದ್ದಾರ್ಥ್, ಹೊಸದನ್ನ ತಗೋತೀವಿ. ಬ್ಯಾರೆ ಮಂದೀನ ಕೂಡಿಸಿ ಇನ್ನೊಮ್ಮೆ ಟೆಸ್ಟ್ ಮಾಡ್ರಿ, ಫೈಲಿಗೆ ಬೇಕು. ನನಗ ಇವ್ರ ಮಾರಿ ಸಾಕು.”

ಬಂದ ಜೀವ ಮತ್ತೆ ಹೋಯಿತು. ಸಿದ್ದಾರ್ಥ ಮೇಜು ಒರೆಸುವುದನ್ನು ಬಿಟ್ಟು ಕೈಕುಲುಕಲು ಎದ್ದ.

“ತಡೀರಿ, ಇನ್ನೂ ಐತಿ” ಎಂದರು ಮೇಡಂ. “ನಮ್ಮ ಗಿರಾಕಿಗಳ ಕಡೆ ಇರೋ ಟಿವಿ ಡಬ್ಬಿ, ಫೋನು ಎಲ್ಲಾ ಹಳೇವು. ಹೊಸದು ಅದರಾಗ ಓಡಂಗಿಲ್ಲ. ಅವೆಲ್ಲ ಬದಲಾಗಾಕ ಇನ್ನೂ ಭಾಳ ವರ್ಷ ಬೇಕು. ಅಲ್ಲೀತನಕ ಹಳೇದೂ ನಡೀಬೇಕು. ಅದನ್ನ ಇವ್ರಽ ನೋಡ್ಕೋಬೇಕು. ಸುಳ್ಳು ಹೇಳಾಕ ಬರ್ದ ಮನಷ್ಯಾ ನನಗ ಬೇಕಾಗ್ಯಾನ.”

ಮೇಡಂ ವಿಮಾನಕ್ಕೆ ಹೊರಟ ಮೇಲೆ ಸಿದ್ದಾರ್ಥ ಹನುಮೇಶನ ಬೆನ್ನ ಮೇಲೆ ಕೈ ಇಟ್ಟ. “ಕಂಗ್ರಾಟ್ಸ್ ಹನುಮೇಶ್! ಹಳೇದು ನಿಮ್ಮ ಹತ್ರನೇ ಇರುತ್ತೆ. ಜೊತೆಗೆ ಹೊಸ ಟೀಮ್‌ಗೂ ಬನ್ನಿ. ಕಲಿಸಿಕೊಡೋಕೆ ನಮ್ಮ ಹೇಮಲತಾ ಇದಾಳಲ್ಲ.” ಹೇಮಲತಾ ಎರಡು ವರ್ಷದ ಹಿಂದೆ ಹನುಮೇಶನ ಕೈಕೆಳಗೆ ಟ್ರೇನಿಯಾಗಿ ಸೇರಿದ್ದ ಹುಡುಗಿ.

“ಎರಡು ಕೆಲಸ ಅಂದ್ರೆ... ಸಂಬಳ?”

“ಸದ್ಯಕ್ಕೆ ಒಂದೇ” ಎಂದ ಸಿದ್ದಾರ್ಥ.

ಸಂಜೆ ಟೆಂಪೋ ಮತ್ತೆ ಟ್ರಾಫಿಕ್ಕಿನಲ್ಲಿ ನಿಂತಿತ್ತು. ಕೆಲಸ ಉಳಿಯಿತೆಂಬ ಸುದ್ದಿಗೆ ಹಿಂದಿನ ಸೀಟುಗಳಲ್ಲಿ ಜಯಕಾರವೇ ನಡೆದಿತ್ತು. ಒಂದೂ ಗುಂಡಿ ಒತ್ತದ ಕರಿಬಸಪ್ಪನವರೂ “ನಾವೆಲ್ಲ ಸೇರಿ ಗೆಲ್ಲಿಸಿದ್ವಿ” ಎನ್ನುತ್ತಿದ್ದರು. ಬೀದಿಯವರು ಒತ್ತಿದ್ದೆಲ್ಲ ಎದುರಾಳಿಗೆ ಎಂಬುದನ್ನು ಹನುಮೇಶ ಹೇಳಲಿಲ್ಲ. ಅವನ ತಲೆಯಲ್ಲಿ ಇನ್ನೊಂದು ವಿಷಯ ಕೊರೆಯುತ್ತಿತ್ತು.

“ಹಳೇದಕ್ಕೆ ಎಲ್ಲಾ ಸಲಾನೂ ಒಂದು ಓಟು ಬಿದ್ದಿತ್ತು” ಎಂದು ಪಕ್ಕದಲ್ಲಿದ್ದ ಮಹಾದೇವಿಗೆ ಮೆಲ್ಲಗೆ ಹೇಳಿದ. “ಯಾರದೋ ಗೊತ್ತಾಗಲಿಲ್ಲ.”

“ನಂದೇ” ಎಂದಳು ಮಹಾದೇವಿ.

“ನೀನಾ? ಸುಬ್ಬಲಕ್ಷ್ಮಮ್ಮ ನಿನಗೆ ಹೇಳಿರಲಿಲ್ವಾ?”

“ಹೇಳಿದ್ರು, ನೀವು ನಕ್ಕಾಗ ಒತ್ತು ಅಂತ. ಅವ್ರಿಗೇನ್ ಗೊತ್ತು? ನೀವು ಮಾಡಿದ್ದನ್ನ ನೀವು ಯಾವತ್ತಾದ್ರೂ ನಕ್ಕೊಂಡು ನೋಡಿದೀರಾ? ಉಪ್ಪಿಟ್ಟು ಮಾಡಿದ ದಿನ, ನಾನು ತಿಂದು ಮುಗಿಸೋವರೆಗೂ ಜ್ವರ ಬಂದೋರ ಥರ ಕೂತಿರ್ತೀರಿ. ಟಿವಿ ಪಕ್ಕದಲ್ಲೂ ಹಂಗೇ ನಿಂತಿದ್ರಿ. ಆವಾಗೆಲ್ಲ ಒತ್ತಿದೆ.”

ಹೊರಗೆ ಹಾರನ್ನುಗಳ ಮೇಳ ನಡೆದಿದ್ದರೂ ಹನುಮೇಶನಿಗೆ ಕೇಳಿಸಲಿಲ್ಲ. ಆರು ವರ್ಷದ ದುಡಿಮೆಗೆ ಒಂದೇ ಓಟು ಬಿದ್ದಿದ್ದರೂ ಅದು ಇಡೀ ಜಗತ್ತಿನಲ್ಲಿ ಬೀಳಬೇಕಾದ ಕಡೆಯಿಂದಲೇ ಬಿದ್ದಿತ್ತು. ಇಷ್ಟಾದ ಮೇಲೆ ಮನುಷ್ಯ ಸುಮ್ಮನಿರಬೇಕು. ಹನುಮೇಶ ಇಂಜಿನಿಯರ್, ಸುಮ್ಮನಿರಲಾಗಲಿಲ್ಲ.

“ನನ್ನ ಮುಖ ಬಿಡು” ಎಂದ ಆಸೆಯಿಂದ. “ನೀನು ಟಿವೀನೂ ನೋಡಿರ್ತೀಯಲ್ಲ. ನಿಜ ಹೇಳು, ನನ್ನದು ಸ್ವಲ್ಪನಾದ್ರೂ ಚೆನ್ನಾಗಿ ಕಾಣ್ತಿತ್ತು ತಾನೇ?”

ಮಹಾದೇವಿ ಗಂಭೀರವಾಗಿ ಯೋಚಿಸಿದಳು. ಗಂಡನ ಮನಸ್ಸಿಗೆ ಹಿತವಾಗುವಂಥ, ಆದರೆ ಸುಳ್ಳಲ್ಲದ ಉತ್ತರ ಹುಡುಕಿದಳು. ಸಿಕ್ಕಿತು.

“ನಿಮ್ಮದೇನೂ ಕಡಿಮೆ ಇರಲಿಲ್ಲ ರೀ. ನನ್ನ ಕಣ್ಣಿಗೆ ಎರಡೂ ಒಂದೇ ಥರ ಇತ್ತು. ಒಂಚೂರೂ ವ್ಯತ್ಯಾಸ ಇಲ್ಲ.”

ಅರ್ಧ ಡೇಟಾ, ಅದೇ ಚಿತ್ರ! ಇಡೀ ಟೆಂಪೋದಲ್ಲಿ ಟಿವಿ ನೋಡಿ ಬಂದ ಏಕೈಕ ಸಾಮಾನ್ಯ ವ್ಯಕ್ತಿ, ಹಳೆಯದಕ್ಕೇ ಓಟು ಹಾಕಿದವಳು, ಹೊಸದನ್ನು ಮೊದಲ ದರ್ಜೆಯಲ್ಲಿ ಪಾಸು ಮಾಡಿಬಿಟ್ಟಿದ್ದಳು.

ಹನುಮೇಶ ಅವಳನ್ನೇ ನೋಡಿದ. ಮೊದಲು ಸಣ್ಣಗೆ, ಆಮೇಲೆ ಸೀಟು ಅಲುಗುವ ಹಾಗೆ ನಗತೊಡಗಿದ. ನಕ್ಕು ಸಾಕಾದ ಮೇಲೆ ಫೋನ್ ತೆಗೆದು ಹೇಮಲತಾಳಿಗೆ ಮೆಸೇಜ್ ಬರೆದ: ‘ನಾಳೆ ಬೆಳಿಗ್ಗೆ ಬೇಗ ಬರ್ತೀನಮ್ಮ. ಮೊದಲನೇ ಪಾಠದಿಂದ ಶುರು ಮಾಡು.’